ಸದ್ದು ಒಂದು ಕಡೆ, ದೋಷ ಇನ್ನೊಂದು ಕಡೆ: ಹಳೆಯ ಸ್ಪ್ಲೆಂಡರ್ ಸರಿಪಡಿಸಿದ ನನ್ನ ಅನುಭವ

ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರನಾಗಿರುವ ನಾನು ಮೂರು ವರ್ಷಗಳ ಹಿಂದೆ 22,000 ರೂಪಾಯಿ ಕೊಟ್ಟು 2009ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ಗಾಡಿಯೊಂದನ್ನು ಕೊಂಡೆ. ನೋಡಲು ಹೋದ ದಿನ ಮಾರುವವರು ಗಾಡಿಯನ್ನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರು. ಸೈಲೆನ್ಸರಿನ ಮೇಲೆ ಕೈ ಹಿಡಿದಾಗಲೇ ಅದು ತಿಳಿಯಿತು, ಆದರೂ ಸುಮ್ಮನಾದೆ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದಿದ್ದಾಗ ಇಂಜಿನ್ ತಿರುಗುವ ವೇಗ, ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ಇಂಜಿನ್ನಿನ ಹುರುಪು ಎಂದು ಭಾವಿಸಿದ್ದು ನನ್ನ ಮೊದಲ ತಪ್ಪು.

ಮನೆಗೆ ತಂದ ಮರುದಿನ ಐಡ್ಲಿಂಗ್ ಹೊಂದಿಸುವ ಸ್ಲೋ ಸ್ಪೀಡ್ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ವೇಗವನ್ನು ಇರಬೇಕಾದ ಮಟ್ಟಕ್ಕೆ ಇಳಿಸಿದೆ. ಈ ಇಂಜಿನ್ನಿಗೆ ಅದು ನಿಮಿಷಕ್ಕೆ ಸುಮಾರು 1,400 ಸುತ್ತು. ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲದ ಕಾರಣ ಪಕ್ಕದ ಮನೆಯ ಅದೇ ಮಾದರಿಯ ಗಾಡಿಯ ಸದ್ದಿಗೆ ಹೋಲಿಸಿಕೊಂಡೆ. ವೇಗ ಇಳಿದೊಡನೆ ಬಚ್ಚಿಟ್ಟಿದ್ದೆಲ್ಲ ಹೊರಬಿತ್ತು. ತಣ್ಣಗಿದ್ದಾಗ ಹೇಗೋ ಆರದೆ ಓಡುತ್ತಿದ್ದ ಇಂಜಿನ್, ಹತ್ತು ಕಿಲೋಮೀಟರ್ ಓಡಿದ ಮೇಲೆ ಮುಗ್ಗರಿಸುತ್ತ ಮುಗ್ಗರಿಸುತ್ತ ಆರಿಹೋಗುತ್ತಿತ್ತು. ಜೊತೆಗೆ ಎಡಗಡೆಯಿಂದ ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದಂತಹ ಕರಕರ ಸದ್ದು ಬರುತ್ತಿತ್ತು. ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು: ಇಂಜಿನ್ ಇಳಿಸಬೇಕು, ಬೋರು ಮಾಡಿಸಬೇಕು (ಸವೆದ ಸಿಲಿಂಡರಿನ ಒಳಗೋಡೆ ಕೊರೆಸಬೇಕು), ಎಂಟು ಸಾವಿರ ಇಟ್ಟುಕೊಳ್ಳಿ.

ಎಂಟು ಸಾವಿರಕ್ಕಿಂತ ನನ್ನನ್ನು ತಡೆದದ್ದು ಇನ್ನೊಂದು ಸಂಗತಿ. ಬೋರು ಸವೆದಿದ್ದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರಬೇಕು, ಆಯಿಲ್ ಕಡಿಮೆಯಾಗುತ್ತ ಹೋಗಬೇಕು. ಒಂದು ತಿಂಗಳ ಓಡಾಟದಲ್ಲಿ ಡಿಪ್‌ಸ್ಟಿಕ್ಕಿನ ಗುರುತು ಇಳಿದಿರಲಿಲ್ಲ, ಹೊಗೆಯೂ ಇರಲಿಲ್ಲ. ಹಾಗಾಗಿ ಸದ್ದನ್ನೂ ಐಡ್ಲಿಂಗನ್ನೂ ಒಂದೇ ರೋಗದ ಎರಡು ಲಕ್ಷಣ ಎಂದುಕೊಳ್ಳದೆ, ಬೇರೆ ಬೇರೆಯಾಗಿ ಹುಡುಕಲು ನಿರ್ಧರಿಸಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಬದಲಿಸುವ ಮೊದಲೂ ಆಮೇಲೂ ಇಂಜಿನ್ ತಣ್ಣಗಿದ್ದಾಗ ಮತ್ತು ಬಿಸಿಯಾದಾಗ ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಎಂದು ನಿಯಮ ಮಾಡಿಕೊಂಡೆ.

ಆ ನಿಯಮವನ್ನು ಮೊದಲ ಭಾನುವಾರವೇ ಮುರಿದೆ. ಪ್ಲಗ್ ಬಿಚ್ಚಿ ಹೊಸದನ್ನು ಹಾಕಿ, ಅದೇ ಕೈಯಲ್ಲಿ ಕಾರ್ಬ್ಯುರೇಟರನ್ನೂ ಬಿಚ್ಚಿ, ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ಸಣ್ಣ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಿ, ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿ ಕೂರಿಸಿದೆ. ಐಡ್ಲಿಂಗಿನಲ್ಲಿ ಏನೂ ಬದಲಾಗಲಿಲ್ಲ. ಬಿಚ್ಚಿದ ಹಳೆಯ ಪ್ಲಗ್ಗಿನ ಮೂತಿ ಕಾಫಿಪುಡಿ ಬಣ್ಣದ್ದಾಗಿರುವ ಬದಲು ಬೆಳ್ಳಗೆ ಸುಣ್ಣ ಬಳಿದಂತಿತ್ತು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ನಾನು ಅದನ್ನು ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕಿದೆ. ಅದರ ಅರ್ಥ ಹೊಳೆದದ್ದು ಎರಡು ವಾರಗಳ ನಂತರ.

ಮುಂದಿನ ವಾರ ಸದ್ದಿನ ಬೆನ್ನು ಹತ್ತಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡರೆ ವೈದ್ಯರ ಸ್ಟೆತಾಸ್ಕೋಪಿನ ಕೆಲಸವಾಗುತ್ತದೆ. ಈ ಇಂಜಿನ್ನಿನ ಸಿಲಿಂಡರ್ ಮುಂದಕ್ಕೆ ಮಲಗಿಕೊಂಡಿರುವುದರಿಂದ ಪೆಟ್ರೋಲ್-ಗಾಳಿ ಒಳಬಿಡುವ ಇನ್ಲೆಟ್ ವಾಲ್ವಿನ ಮುಚ್ಚಳ ಮೇಲೆಯೂ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಮುಚ್ಚಳ ಕೆಳಗೂ ಇರುತ್ತದೆ. ಎರಡರ ಮೇಲೂ ಇಟ್ಟು ಕೇಳಿದೆ. ಮೆಲ್ಲನೆಯ ಟಕಟಕ ಕೂಡ ಇರಲಿಲ್ಲ. ಬಲಗಡೆಯ ಕ್ಲಚ್ ಕವರಿನ ಮೇಲೆ ಇಟ್ಟು ಲಿವರ್ ಹಿಡಿದು ಬಿಟ್ಟು ನೋಡಿದೆ, ಸದ್ದು ಕಡಿಮೆಯೂ ಆಗಲಿಲ್ಲ, ಹೆಚ್ಚೂ ಆಗಲಿಲ್ಲ. ಸೈಲೆನ್ಸರ್ ಕೂರುವ ಜಾಗದಲ್ಲಿ ಮಸಿ ಇರಲಿಲ್ಲ, ಅಂದರೆ ಅಲ್ಲಿಂದ ಹೊಗೆ ಸೋರಿ ಚಟಚಟ ಅನ್ನುತ್ತಿಲ್ಲ. ಆದರೆ ಸಿಲಿಂಡರಿನ ಎಡಮಗ್ಗುಲಿಗೆ ತುದಿಯಿಟ್ಟಾಗ ಕರಕರ ನೇರವಾಗಿ ತಲೆಯೊಳಗೆ ಇಳಿಯಿತು. ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನ್ ಓಡುವುದು ಅದೇ ಮಗ್ಗುಲಿನಲ್ಲಿ.

ಟ್ಯಾಪೆಟ್ (ವಾಲ್ವಿನ ತುದಿಯನ್ನು ಒತ್ತುವ, ಅಂತರ ಹೊಂದಿಸುವ ಸ್ಕ್ರೂ) ಸದ್ದಿಗೂ ಚೈನಿನ ಸದ್ದಿಗೂ ಇರುವ ವ್ಯತ್ಯಾಸ ಕಲಿಯಲು ನನಗೆ ಹಲವು ಸಂಜೆಗಳು ಬೇಕಾದವು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ತಿರುಗಿದರೆ ಒಂದು ವಾಲ್ವ್ ಒಂದು ಸಲ ತೆರೆಯುತ್ತದೆ. 1,400 ಸುತ್ತಿನಲ್ಲಿ ನಿಮಿಷಕ್ಕೆ 700 ಸಲ. ಹಾಗಾಗಿ ಟ್ಯಾಪೆಟ್ಟಿನ ಟಕಟಕ ತಾಳ ತಪ್ಪುವುದಿಲ್ಲ, ಆಕ್ಸಿಲರೇಟರ್ ಕೊಟ್ಟಂತೆ ಹೊಲಿಗೆ ಯಂತ್ರದ ಹಾಗೆ ವೇಗ ಪಡೆಯುತ್ತದೆ. ಸಡಿಲವಾದ ಚೈನಿಗೆ ತಾಳವೇ ಇಲ್ಲ. ಐಡ್ಲಿಂಗಿನಲ್ಲಿ ಕರಕರ ಎನ್ನುತ್ತದೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಬಿಗಿಯಾಗಿ ಸುಮ್ಮನಾಗುತ್ತದೆ, ಬಿಟ್ಟೊಡನೆ ವೇಗ ಇಳಿಯುವಾಗ ಮತ್ತೆ ಬಡಿದುಕೊಳ್ಳುತ್ತದೆ. ನನ್ನ ಗಾಡಿಯದು ಎರಡನೆಯ ಜಾತಿ.

ಅಷ್ಟು ತಿಳಿದರೂ ಟ್ಯಾಪೆಟ್ ನೋಡದೆ ಬಿಡಲಿಲ್ಲ, ಏಕೆಂದರೆ ಅದು ಇಷ್ಟು ಮೌನವಾಗಿರುವುದೇ ವಿಚಿತ್ರವೆನಿಸಿತ್ತು. ರಾತ್ರಿಯೆಲ್ಲ ಆರಿ ತಣ್ಣಗಾಗಿದ್ದ ಇಂಜಿನ್ನಿನ ಎರಡೂ ಮುಚ್ಚಳಗಳನ್ನು ಬಿಚ್ಚಿ (ಕೆಳಗಿನದನ್ನು ಬಿಚ್ಚಿದಾಗ ಸ್ವಲ್ಪ ಆಯಿಲ್ ಸುರಿಯುತ್ತದೆ, ತಟ್ಟೆ ಇಟ್ಟುಕೊಳ್ಳಬೇಕು), ಎಡಗಡೆಯ ಕವರಿನ ಎರಡು ಸಣ್ಣ ಮುಚ್ಚಳಗಳನ್ನೂ ತೆಗೆದು, ಸಾಕೆಟ್ ಪಾನಾದಿಂದ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ, ಮ್ಯಾಗ್ನೆಟ್ಟಿನ (ಕ್ರ್ಯಾಂಕಿನ ತುದಿಯ ಚಕ್ರದ) ಮೇಲಿನ ಟಿ ಗುರುತನ್ನು ಕಿಂಡಿಯ ಕಚ್ಚಿಗೆ ಹೊಂದಿಸಿದೆ. ಪಿಸ್ಟನ್ ಕಂಪ್ರೆಶನ್ನಿನ (ಒಳಗಿನ ಗಾಳಿಯನ್ನು ಒತ್ತುವ ಹಂತದ) ತುದಿಯಲ್ಲಿದ್ದರೆ, ವಾಲ್ವ್ ಒತ್ತುವ ಸನ್ನೆಗಳಾದ ಎರಡೂ ರಾಕರ್‌ಗಳು ಬೆರಳಿಗೆ ತುಸುವಾದರೂ ಅಲುಗಾಡಬೇಕು. ಮೇಲಿನದು ಅಲುಗಾಡಿದಂತೆ ಅನಿಸಿತು, ಕೆಳಗಿನದು ಕಲ್ಲಿನಂತೆ ಕೂತಿತ್ತು. ತಪ್ಪು ಸುತ್ತಿನಲ್ಲಿದ್ದೇನೆಂದು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿದರೆ ಮೇಲಿನದೂ ಬಿಗಿಯಾಯಿತು. ಕೊನೆಗೆ ಇನ್ಲೆಟ್ ರಾಕರನ್ನೇ ನೋಡುತ್ತ ನಿಧಾನವಾಗಿ ತಿರುಗಿಸಿದೆ. ಅದು ಒತ್ತಿಕೊಂಡು ವಾಲ್ವ್ ತೆರೆದು, ಮತ್ತೆ ಎದ್ದು ಮುಚ್ಚಿದ ಮೇಲೆ ಬರುವ ಮೊದಲ ಟಿ ಗುರುತೇ ಕಂಪ್ರೆಶನ್ನಿನದು. ಅಲ್ಲಿಯೂ ಎಕ್ಸಾಸ್ಟ್ ಅಲುಗಾಡಲಿಲ್ಲ. ಟ್ಯಾಪೆಟ್ಟಿಗೂ ವಾಲ್ವಿನ ತುದಿಗೂ ನಡುವೆ 0.05 ಮಿಲಿಮೀಟರ್ ಅಂತರ ಇರಬೇಕಾದ ಜಾಗದಲ್ಲಿ ಎಕ್ಸಾಸ್ಟಿಗೆ ಏನೂ ಇರಲಿಲ್ಲ, ಇನ್ಲೆಟ್ಟಿಗೆ ಅಂತರ ಅಳೆಯುವ ಫೀಲರ್ ಗೇಜಿನ 0.04ರ ತೆಳು ಪಟ್ಟಿಯೂ ತೂರಲಿಲ್ಲ.

ಅಷ್ಟು ಹೊತ್ತಿಗೆ ನಡೆದಿರಬಹುದಾದ ಕತೆ ಕಣ್ಣಿಗೆ ಕಟ್ಟಿತು. ಸಡಿಲ ಚೈನಿನ ಸದ್ದನ್ನು ಯಾರೋ ಟ್ಯಾಪೆಟ್ ಸದ್ದೆಂದು ತಿಳಿದು, ಸದ್ದು ಅಡಗಲೆಂದು ಟ್ಯಾಪೆಟ್ಟನ್ನು ಬಿಗಿ ಮಾಡಿದ್ದಾರೆ. ಸದ್ದು ಹೋಗಲಿಲ್ಲ, ಇನ್ನಷ್ಟು ಬಿಗಿ ಮಾಡಿದ್ದಾರೆ. ಅಂತರವಿಲ್ಲದ ಎಕ್ಸಾಸ್ಟ್ ವಾಲ್ವ್ ಬಿಸಿಯಾಗಿ ಉದ್ದವಾದಾಗ ತನ್ನ ಸೀಟಿನ (ಮುಚ್ಚಿದಾಗ ಅದು ತಾಗುವ ಅಂಚಿನ) ಮೇಲೆ ಪೂರ್ತಿ ಕೂರುವುದಿಲ್ಲ, ಕಂಪ್ರೆಶನ್ ಸೋರುತ್ತದೆ, ಐಡ್ಲಿಂಗ್ ಮುಗ್ಗರಿಸುತ್ತದೆ. ಆಗ ಸ್ಲೋ ಸ್ಪೀಡ್ ಸ್ಕ್ರೂವನ್ನು ಏರಿಸಿ ಗಾಡಿಯನ್ನು ಮಾರಾಟಕ್ಕಿಟ್ಟಿದ್ದಾರೆ. ಬಿಸಿಯಾದಾಗ ಕಿಕ್ಕರ್ ಸಲೀಸಾಗಿ ಇಳಿಯುತ್ತಿದ್ದದ್ದಕ್ಕೂ ಇದೇ ಕಾರಣ. ನಾನು ಅದನ್ನು ಹಗುರವಾದ ಗಾಡಿ ಎಂದು ಮೆಚ್ಚಿಕೊಂಡಿದ್ದೆ. ಸದ್ದು ಮಾಡುವ ಟ್ಯಾಪೆಟ್ ಕಿವಿಗೆ ಕಿರಿಕಿರಿ ಮಾತ್ರ, ಬಾಯಿ ಮುಚ್ಚಿಕೊಂಡ ಟ್ಯಾಪೆಟ್ ವಾಲ್ವನ್ನು ಸುಡುತ್ತದೆ. ವಾಲ್ವಿನ ಕಾವು ಇಳಿಯುವುದು ಬಹುಪಾಲು ಸೀಟಿಗೆ ತಾಗಿದಾಗಲೇ. ತಾಗದಿದ್ದರೆ ಅಂಚು ಕರಗುತ್ತ ಹೋಗುತ್ತದೆ.

ಲಾಕ್ ನಟ್ ಸಡಿಲಿಸಿ, ಫೀಲರ್ ಗೇಜಿನ 0.05ರ ಪಟ್ಟಿಯನ್ನು ನಡುವೆ ತೂರಿಸಿ ಹೊಂದಿಸಿದೆ. ಪಟ್ಟಿ ಎಳೆಯುವಾಗ, ಒತ್ತಿಟ್ಟ ಎರಡು ಹಾಳೆಗಳ ನಡುವಿನಿಂದ ಮೂರನೆಯದನ್ನು ಎಳೆದಷ್ಟು ಹಿಡಿತ ಸಿಗಬೇಕು. ನಟ್ ಬಿಗಿಯುವಾಗ ಸ್ಕ್ರೂ ತಾನೂ ತಿರುಗಿ ಅಂತರವನ್ನು ಕೆಡಿಸುತ್ತದೆ; ನನಗೆ ನಾಲ್ಕನೆಯ ಸಲಕ್ಕೆ ಸರಿಯಾಯಿತು. ಚಾಲೂ ಮಾಡಿದಾಗ ಸದ್ದು ಮೊದಲಿಗಿಂತ ತುಸು ಹೆಚ್ಚೇ ಆಗಿತ್ತು, ಆದರೆ ಬಿಸಿಯಾದ ಮೇಲೂ ಇಂಜಿನ್ ಆರಲಿಲ್ಲ.

ಉಳಿದದ್ದು ಒಂದು ಸಣ್ಣ ಏರಿಳಿತ. ಆಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಕೂಡಲೇ ಇಳಿಯದೆ ಎರಡು ಮೂರು ಸೆಕೆಂಡು ತೇಲುತ್ತಿತ್ತು. ಆಗ ಬೆಳ್ಳಗಿನ ಪ್ಲಗ್ ನೆನಪಾಯಿತು. ಸಾಬೂನು ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ, ಚಾಲೂ ಇರುವ ಇಂಜಿನ್ನಿನ ಕಾರ್ಬ್ಯುರೇಟರಿಗೂ ಇನ್ಲೆಟ್ ಪೈಪಿಗೂ ನಡುವಿನ ಜೋಡಣೆಗೆ ಸಿಂಪಡಿಸಿದೆ. ನೊರೆಯನ್ನು ಒಳಗೆ ಎಳೆದುಕೊಂಡಿತು, ಇಂಜಿನ್ನಿನ ಸದ್ದೂ ಕ್ಷಣಕಾಲ ಬದಲಾಯಿತು. ಬಿಚ್ಚಿ ನೋಡಿದರೆ ಅಲ್ಲಿನ ರಬ್ಬರಿನ ಓ-ರಿಂಗ್ ಉಬ್ಬನ್ನೇ ಕಳೆದುಕೊಂಡು ಚಪ್ಪಟೆಯಾಗಿತ್ತು. ಕೆಲವೇ ರೂಪಾಯಿಯ ವಸ್ತು. ಮೊದಲ ಭಾನುವಾರ ಕಾರ್ಬ್ಯುರೇಟರ್ ಬಿಚ್ಚಿದಾಗ ಇದೇ ರಿಂಗು ಕೈಯಲ್ಲಿತ್ತು, ನೋಡಿದ್ದರೆ ತಾನೆ. ಹೊಸದನ್ನು ಹಾಕಿ, ಇಂಜಿನ್ ಬಿಸಿಯಿರುವಾಗ ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ವೇಗ ಅತಿ ಹೆಚ್ಚಾಗುವ ಜಾಗ ಹುಡುಕಿ, ಆಮೇಲೆ ಸ್ಲೋ ಸ್ಪೀಡ್ ಸ್ಕ್ರೂವಿನಿಂದ ಇಳಿಸಿದೆ.

ಟೈಮಿಂಗ್ ಚೈನ್ ಬದಲಿಸಲು ಮ್ಯಾಗ್ನೆಟ್ ತೆಗೆಯಬೇಕು, ಅದಕ್ಕೆ ಪುಲ್ಲರ್ ಎಂಬ, ಎಳೆದು ತೆಗೆಯುವ ಸಾಧನ ಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬಡಿದು ಕೆಡಿಸಿದವರನ್ನು ಕಂಡಿದ್ದರಿಂದ ಆ ಕೆಲಸವನ್ನು ಪೇಟೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರಿಗೆ ಬಿಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಅವರು ಹಳೆಯ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ, "ನೋಡಿ ಮಾಸ್ತರ್ರೇ, ಎಷ್ಟು ಇಳಿದಿದೆ" ಎಂದರು. ಹಳೆಯದು ಹೆಚ್ಚೂಕಡಿಮೆ ಅರ್ಧ ಕೊಂಡಿಯಷ್ಟು ಉದ್ದವಾಗಿತ್ತು. ಚೈನನ್ನು ಬಿಗಿಯಾಗಿಡುವ ಟೆನ್ಶನರಿನ ರಬ್ಬರ್ ರೋಲರಿನಲ್ಲಿ ಚೈನು ಕಾಲುವೆ ಕೊರೆದಿತ್ತು. ಕಿಟ್ಟು, ಮಜೂರಿ, ಹೊಸ ಆಯಿಲ್ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಈಗ ಬೆಳಿಗ್ಗೆ ಚಾಲೂ ಮಾಡಿದ ಮೊದಲ ಎರಡು ನಿಮಿಷ ಪಿಸ್ಟನ್ ಸ್ವಲ್ಪ ಸದ್ದು ಮಾಡಿ ಬಿಸಿಯಾದಂತೆ ಅಡಗುತ್ತದೆ; ಈ ವಯಸ್ಸಿನ ಇಂಜಿನ್ನಿಗೆ ಅಷ್ಟು ಇರಲಿ ಎಂದು ಬಿಟ್ಟಿದ್ದೇನೆ. ಎಕ್ಸಾಸ್ಟ್ ವಾಲ್ವಿನ ಬಗ್ಗೆ ಮಾತ್ರ ಅನುಮಾನ ಉಳಿದಿತ್ತು. ಸೀಟು ಆಗಲೇ ಸುಟ್ಟಿದ್ದರೆ ಅಂತರ ಮತ್ತೆ ಮತ್ತೆ ಕಡಿಮೆಯಾಗುತ್ತ ಹೋಗುತ್ತದೆ, ಸಿಲಿಂಡರಿನ ಹೆಡ್ ಬಿಚ್ಚದೆ ವಿಧಿಯಿಲ್ಲ. ಒಂದು ಸಾವಿರ ಕಿಲೋಮೀಟರಿಗೆ ಅಳೆದಾಗ 0.04ಕ್ಕೆ ಇಳಿದಿತ್ತು, ಸರಿಮಾಡಿದೆ. ಮತ್ತೆ ಎರಡು ಸಾವಿರ ಓಡಿದ ಮೇಲೆ ಅಳೆದೆ, 0.05ರ ಪಟ್ಟಿ ಅದೇ ಹಿಡಿತದಲ್ಲಿ ಹೊರಬಂತು.