ಮೂರು ಚರ್ಚು, ಒಂದು ದಿನಸಿ ಕೋಣೆ: ದಾವಣಗೆರೆಯ ಬಡಾವಣೆಯಲ್ಲಿ ನಡೆಸುವ ಬಗೆ

ಕ್ರಿಸ್‌ಮಸ್ ವಾರದಲ್ಲಿ ಒಂದೇ ಮನೆಗೆ ಮೂರು ಚರ್ಚುಗಳಿಂದ ಮೂರು ಅಕ್ಕಿ ಚೀಲ ಬರುತ್ತವೆ, ಅದೇ ಓಣಿಯ ಕೊನೇ ಮನೆಗೆ ಒಂದೂ ಇಲ್ಲ. ಜೂನ್‌ನಲ್ಲಿ ಮಕ್ಕಳ ಫೀಸು, ನೋಟ್‌ಬುಕ್ಕು ಅಂತ ಕೈ ಖಾಲಿಯಾದಾಗ ಯಾರ ಮನೆಗೂ ಏನೂ ಬರುವುದಿಲ್ಲ. ಕ್ಯಾಥೊಲಿಕ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಪೆಂಟೆಕೋಸ್ಟಲ್ ಸಭೆಗಳು ಸೇರಿ ಒಂದೇ ದಿನಸಿ ಕೋಣೆ ನಡೆಸಿದರೆ ಎರಡೂ ತೊಂದರೆ ತಪ್ಪುತ್ತವೆ. ಈ ಸಭೆಗಳು ಬೇರೆಬೇರೆಯಾಗಿ ನೋಡುವ ದೀಕ್ಷಾಸ್ನಾನ, ಬಲಿಪೂಜೆಗಳ ಬಗ್ಗೆ ಒಮ್ಮತ ಆಗುವವರೆಗೆ ಕಾಯಬೇಕಾಗಿಲ್ಲ. ಬೀಗದ ಕೈ ಯಾರ ಹತ್ತಿರ, ಪುಸ್ತಕ ಬರೆಯುವವರು ಯಾರು, ದುಡ್ಡು ಎಲ್ಲಿರುತ್ತದೆ ಎಂಬುದನ್ನು ಮೊದಲ ಚೀಲ ತರುವ ಮುಂಚೆಯೇ ಬರೆದಿಟ್ಟುಕೊಂಡರೆ ಸಾಕು. ಇಂಥ ಕೆಲಸಗಳು ಮುರಿದುಬೀಳುವುದು ಹೆಚ್ಚಾಗಿ ಈ ಮೂರರ ಮೇಲೆಯೇ.

ಮೂವತ್ತು ಮನೆಗಳಿಂದ ಶುರು ಮಾಡಿ. ನೂರು ಮನೆ ಅಂತ ಹೊರಟರೆ ಮೂರನೇ ತಿಂಗಳಿಗೆ ದುಡ್ಡೂ ಜನವೂ ಸುಸ್ತಾಗುತ್ತಾರೆ, ಆಮೇಲೆ ಹೆಸರು ತೆಗೆಯುವುದು ಸೇರಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಚೀಲದಲ್ಲಿ ಏನಿರಬೇಕು

ದಾನ ಅಂದ ಕೂಡಲೇ ಎಲ್ಲರ ತಲೆಗೆ ಹೊಳೆಯುವುದು ಅಕ್ಕಿ. ಆದರೆ ಬಿಪಿಎಲ್ ಕಾರ್ಡ್ ಇರುವ ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ, ಅಂತ್ಯೋದಯ ಕಾರ್ಡಿಗೆ 35 ಕೆಜಿ ಧಾನ್ಯವಿದೆ. ಆ ಮನೆಗಳಲ್ಲಿ ತಿಂಗಳ ಕೊನೆಗೆ ಖಾಲಿಯಾಗುವುದು ಬೇಳೆ ಡಬ್ಬಿ, ಎಣ್ಣೆ ಡಬ್ಬಿ. ಹಾಗಾಗಿ ನಾಲ್ಕು ಜನರ ಮನೆಗೆ ತಿಂಗಳಿಗೊಂದು ಚೀಲ ಹೀಗಿರಲಿ: ತೊಗರಿಬೇಳೆ 2 ಕೆಜಿ, ಅಡುಗೆ ಎಣ್ಣೆ 2 ಲೀಟರ್, ಹೆಸರುಕಾಳು ಅಥವಾ ಹುರುಳಿ 1 ಕೆಜಿ, ಶೇಂಗಾ ಅರ್ಧ ಕೆಜಿ, ರವೆ 1 ಕೆಜಿ, ಬೆಲ್ಲ ಅಥವಾ ಸಕ್ಕರೆ 1 ಕೆಜಿ, ಉಪ್ಪು 1 ಕೆಜಿ, ಖಾರದ ಪುಡಿ 200 ಗ್ರಾಂ, ಚಹಾ ಪುಡಿ 100 ಗ್ರಾಂ, ಮೈಸೋಪು ಎರಡು, ಬಟ್ಟೆ ಸೋಪು ಎರಡು. ಎಲ್ಲ ಸೇರಿ ಒಂಬತ್ತು ಕೆಜಿ ಆಸುಪಾಸು ಆಗುತ್ತದೆ. ವಯಸ್ಸಾದ ಹೆಂಗಸೊಬ್ಬರು ಆಟೋ ಇಲ್ಲದೆ ಹೊತ್ತೊಯ್ಯುವುದಕ್ಕೆ ಅಷ್ಟೇ ಮಿತಿ. ಬೇಳೆ, ಕಾಳು ಸೇರಿದರೆ ಒಬ್ಬರಿಗೆ ದಿನಕ್ಕೆ 25 ಗ್ರಾಂ ಬೀಳುತ್ತದೆ, ಒಂದು ಹೊತ್ತಿನ ಸಾರಿಗೆ ಸಾಕು. ಒಂಟಿ ಮುದುಕರಿಗೆ ಅರ್ಧ ಚೀಲ, ಆರು ಜನಕ್ಕಿಂತ ಹೆಚ್ಚಿದ್ದರೆ ಒಂದೂವರೆ.

ಮೂವತ್ತು ಮನೆಗೆ 60 ಕೆಜಿ ಬೇಳೆ, 60 ಲೀಟರ್ ಎಣ್ಣೆ, 30 ಕೆಜಿ ಕಾಳು, 15 ಕೆಜಿ ಶೇಂಗಾ ಬೇಕು. ಬೇಳೆ, ಕಾಳು, ರವೆಗಳನ್ನು ಇನ್ನೂ ಎರಡು ಕೆಜಿ ಜಾಸ್ತಿಯೇ ತರಿಸಿ. ಮೂಟೆ ಬಿಚ್ಚಿ ತೂಗುವಾಗ ನುಚ್ಚು, ಧೂಳು, ಕೈತೂಕ ಅಂತ ಸ್ವಲ್ಪ ಹೋಗಿಯೇ ಹೋಗುತ್ತದೆ. ಕೊನೆಯ ಎರಡು ಚೀಲಕ್ಕೆ ಬೇಳೆ ಸಾಲದೆ ಬಂದರೆ ಕೂಡಲೇ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟುತ್ತದೆ.

ಅಕ್ಕಿ ಬೇಕಾಗಿರುವುದು ಕಾರ್ಡ್ ಇಲ್ಲದವರಿಗೆ: ಬೇರೆ ಜಿಲ್ಲೆಯಿಂದ ಬಂದು ಮಂಡಕ್ಕಿ ಭಟ್ಟಿಯಲ್ಲೋ ಕಟ್ಟಡ ಕೆಲಸದಲ್ಲೋ ಇರುವವರು, ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಗಂಡನ ಮನೆಯ ಕಾರ್ಡಿಗೆ ಇನ್ನೂ ಸೇರದ ಸೊಸೆಯಂದಿರು. ಇವರಿಗಾಗಿ 25 ಕೆಜಿಯ ನಾಲ್ಕು ಚೀಲ ಬೇರೆ ಇಡಿ. ಊರಲ್ಲಿ ಕಾರ್ಡ್ ಇರುವವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ರೇಷನ್ ಪಡೆಯಬಹುದೆಂದು ತಿಳಿಸಿ. ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.

ಮನೆಮನೆಯಿಂದ ಹಿಡಿ ಅಕ್ಕಿ ಕೂಡಿಸುವ ಪದ್ಧತಿ ಕೇಳುವುದಕ್ಕೆ ಚೆಂದ, ಅಡುಗೆಗೆ ಕೆಟ್ಟದ್ದು. ಹಳೇ ಸೋನಾ ಮಸೂರಿ, ಹೊಸ ಅಕ್ಕಿ, ಸೊಸೈಟಿ ಅಕ್ಕಿ ಮೂರೂ ಒಂದೇ ಪಾತ್ರೆಗೆ ಬಿದ್ದರೆ ಒಂದು ಗಂಜಿಯಾಗುವ ಹೊತ್ತಿಗೆ ಇನ್ನೊಂದು ಕಾಳಾಗಿಯೇ ಇರುತ್ತದೆ. ಸೊಸೈಟಿ ಅಕ್ಕಿಯನ್ನಂತೂ ದಾನವೆಂದು ಕೊಟ್ಟರೂ ತೆಗೆದುಕೊಳ್ಳಬೇಡಿ. ರೇಷನ್ ಅಕ್ಕಿ ಒಂದೆಡೆ ಮೂಟೆಗಟ್ಟಲೆ ಕಂಡರೆ ಅಕ್ರಮ ದಾಸ್ತಾನು ಎಂಬ ದೂರು ಹೋಗುತ್ತದೆ, ಆಹಾರ ಇಲಾಖೆಯವರಿಗೆ ಉತ್ತರ ಹೇಳುವ ಪಾಡು ನಿಮ್ಮದಾಗುತ್ತದೆ.

ಕೋಣೆ

ಹತ್ತು ಹನ್ನೆರಡು ಅಡಿಯ ಕೋಣೆ ಸಾಕು. ಬಾಗಿಲು ರಸ್ತೆ ಕಡೆಗಿರಲಿ. ಚರ್ಚಿನ ಒಳಗಿನಿಂದ ಹಾದುಹೋಗಬೇಕಾದ ಕೋಣೆಯಾದರೆ ಬೇರೆ ಧರ್ಮದವರು ಬರುವುದಕ್ಕೆ ಹಿಂಜರಿಯುತ್ತಾರೆ. ತಗಡಿನ ಮಾಡು ಬೇಡವೇ ಬೇಡ: ನಮ್ಮೂರ ಏಪ್ರಿಲ್ ಬಿಸಿಲಿಗೆ ಬೆಲ್ಲ ಕರಗುತ್ತದೆ, ಶೇಂಗಾ ಕಮಟು ಹಿಡಿಯುತ್ತದೆ. ಮಳೆಗಾಲದಲ್ಲೂ ಬೆಲ್ಲ ನೀರೊಡೆಯುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕ್ಕರೆ ಕೊಡುವುದು ವಾಸಿ.

ಮೂಟೆಗಳು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ ಮೇಲಿರಲಿ, ಗೋಡೆಯಿಂದ ಒಂದಡಿ ದೂರ. ಆ ಒಂದಡಿ ಪೊರಕೆ ಆಡಿಸುವುದಕ್ಕೆ ಬೇಕು, ಇಲಿ ಹಿಕ್ಕೆ ಮೊದಲು ಕಣ್ಣಿಗೆ ಬೀಳುವುದೂ ಅಲ್ಲೇ. ಸೋಪನ್ನು ಬೇರೆ ಕಪಾಟಿನಲ್ಲಿಡಿ, ಚೀಲಕ್ಕೂ ಬೇರೆ ಕವರಿನಲ್ಲಿ ಹಾಕಿ. ಸೋಪಿನ ವಾಸನೆ ಹತ್ತಿದ ರವೆಯನ್ನು ಏನು ಮಾಡಿದರೂ ತಿನ್ನಲಾಗದು. ಎಣ್ಣೆ ಪೌಚುಗಳ ಮೇಲೆ ಏನನ್ನೂ ಪೇರಿಸಬೇಡಿ.

ಬೇಳೆಗೆ ಮುಚ್ಚಳ ಬಿಗಿಯಾದ ಡ್ರಮ್ಮು ಬೇಕು. ಒಣಗಿಸಿದ ಬೇವಿನ ಎಲೆ ಹುಳವನ್ನು ಸ್ವಲ್ಪ ತಡೆದೀತು, ಬಿದ್ದ ಹುಳವನ್ನು ಕೊಲ್ಲುವುದಿಲ್ಲ. ಐದು ವಾರಕ್ಕಿಂತ ಹೆಚ್ಚಿನ ದಾಸ್ತಾನು ಇಡದಿರುವುದೇ ಮದ್ದು. ಗೋದಾಮುಗಳಲ್ಲಿ ಮೂಟೆ ನಡುವೆ ಇಡುವ ಗುಳಿಗೆಯನ್ನು ಯಾರಾದರೂ ತಂದುಕೊಟ್ಟರೆ ಖಂಡಿತ ಬೇಡ ಎನ್ನಿ. ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಏಳುವ ವಿಷಾನಿಲ ಮುಚ್ಚಿದ ಕೋಣೆಯಲ್ಲಿ, ಪಕ್ಕದ ಮನೆಯಲ್ಲೂ ಜೀವ ತೆಗೆಯುತ್ತದೆ. ಇಲಿಗೆ ಬೋನು ಸಾಕು, ಪಾಷಾಣ ಬೇಡ. ಪ್ರತಿ ಮೂಟೆ ಮೇಲೆ ಬಂದ ತಿಂಗಳನ್ನು ದಪ್ಪ ಮಾರ್ಕರಿನಲ್ಲಿ ಬರೆಯಿರಿ. ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ.

2006ರ ಆಹಾರ ಸುರಕ್ಷತೆ ಕಾಯ್ದೆ ಲಾಭಕ್ಕೆ ನಡೆಸಿದರೂ, ನಡೆಸದಿದ್ದರೂ ಅನ್ವಯಿಸುತ್ತದೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ.

ಬೀಗ, ಪುಸ್ತಕ, ದುಡ್ಡು

ಸಮಿತಿಗೆ ಪ್ರತಿ ಚರ್ಚಿನಿಂದ ಇಬ್ಬರು, ಅವರಲ್ಲಿ ಒಬ್ಬರಾದರೂ ಹೆಂಗಸು. ಒಪ್ಪಂದದಲ್ಲಿ ಯಾರ ಹೆಸರನ್ನೂ ಬರೆಯದೆ ಹುದ್ದೆಯನ್ನು ಬರೆಯಿರಿ. ಫಾದರ್‌ಗೂ ಸಿಎಸ್‌ಐ ಅಯ್ಯನವರಿಗೂ ವರ್ಗವಾಗುತ್ತದೆ. ಸ್ವತಂತ್ರ ಸಭೆಯ ಪಾಸ್ಟರ್ ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ಹೆಸರಿನ ಮೇಲೆ ನಿಂತ ಒಪ್ಪಂದ ವರ್ಗಾವಣೆಯ ಮಾರನೇ ದಿನವೇ ಬಿದ್ದುಹೋಗುತ್ತದೆ, ಇಲ್ಲವೇ ನಾಲ್ಕೈದು ವರ್ಷದಲ್ಲಿ ಎಲ್ಲವೂ ಒಬ್ಬರ ಕೈ ಸೇರುತ್ತದೆ. ಬೀಗದ ಕೈ ಒಂದು ಚರ್ಚಿಗೆ, ದಾಸ್ತಾನು ಪುಸ್ತಕ ಇನ್ನೊಂದಕ್ಕೆ, ಹಣ ಮೂರನೆಯದಕ್ಕೆ. ವರ್ಷಕ್ಕೊಮ್ಮೆ ಮೂರೂ ಬದಲಾಗಲಿ. ಇಲ್ಲಿನ ಕ್ಯಾಥೊಲಿಕ್ ಚರ್ಚುಗಳು ಶಿವಮೊಗ್ಗ ಬಿಷಪ್ಪರ ಆಡಳಿತಕ್ಕೆ, ಅಂದರೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವು. ಅಲ್ಲಿಂದ ಒಪ್ಪಿಗೆ ಬರುವವರೆಗೆ ಉದ್ಘಾಟನೆ ತಾರೀಖು ಗೊತ್ತುಮಾಡಬೇಡಿ.

ಇನ್ನೂರು ಕುಟುಂಬದ ಚರ್ಚೂ ಹದಿನೈದು ಕುಟುಂಬದ ಸಭೆಯೂ ಸಮಪಾಲು ಹಾಕಬೇಕೆಂದರೆ ಚಿಕ್ಕ ಸಭೆ ಆರು ತಿಂಗಳಲ್ಲಿ ಮುಖ ತೋರಿಸುವುದನ್ನು ಬಿಡುತ್ತದೆ. ಸಾಮಾನು ಹಂಚಿ: ಒಬ್ಬರಿಗೆ ಬೇಳೆ, ಒಬ್ಬರಿಗೆ ಎಣ್ಣೆ, ಚಿಕ್ಕವರಿಗೆ ಉಪ್ಪು, ಖಾರ, ಸೋಪು ಮತ್ತು ಪ್ಯಾಕಿಂಗ್ ಕೆಲಸ. ಖರೀದಿ ಮಾತ್ರ ಒಂದೇ ಹೋಲ್‌ಸೇಲ್ ಅಂಗಡಿಯಲ್ಲಿ, ಬಿಲ್ಲಿನ ಸಮೇತ.

ಯಾವುದಾದರೂ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿಯ ಹಣ ಬರುತ್ತಿದ್ದರೆ ಅದರ ಒಂದು ರೂಪಾಯಿಯೂ ಜಂಟಿ ಖಾತೆಗೆ ಬರಕೂಡದು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಖಾತೆ ನೋಂದಾಯಿತ ಸಂಸ್ಥೆಯ ಹೆಸರಲ್ಲಿದ್ದು, ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ, 80ಜಿ ಎಂದು ಕರೆಯುತ್ತಾ ಬಂದ ಅನುಮೋದನೆ ಇದ್ದರೂ 2000 ರೂಪಾಯಿಗಿಂತ ಹೆಚ್ಚಿನ ನಗದಿಗೆ, ಸಾಮಾನಿನ ರೂಪದ ದಾನಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಕೊಡುವವರಿಗೆ ಮೊದಲೇ ಹೇಳಿಬಿಡಿ.

ಕಾಣಿಕೆ ಹೆಚ್ಚು ಬರುವುದು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ, ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಸಾಮಾನುಗಳ ಹರಾಜಿನಲ್ಲಿ, ಕ್ರಿಸ್‌ಮಸ್ಸಿನಲ್ಲಿ. ಬಂದಾಗಲೇ ಎಲ್ಲ ಖರ್ಚು ಮಾಡದೆ ಮೂರನೇ ಒಂದು ಪಾಲನ್ನು ಜೂನ್, ಜುಲೈಗೆ ತೆಗೆದಿಡಿ.

ಹಂಚುವ ದಿನ

ಭಾನುವಾರ ಎಲ್ಲರಿಗೂ ಆರಾಧನೆ. ಶನಿವಾರ ಆರಾಧನೆ ಮಾಡುವ ಅಡ್ವೆಂಟಿಸ್ಟ್ ಸಭೆಯವರಿದ್ದರೆ ಆ ದಿನವೂ ಆಗದು. ಶುಕ್ರವಾರ ಹಲವು ಸಭೆಗಳಲ್ಲಿ ಉಪವಾಸ ಪ್ರಾರ್ಥನೆ. ಉಳಿಯುವುದರಲ್ಲಿ ತಿಂಗಳ ಮೂರನೇ ಗುರುವಾರ ಒಳ್ಳೆಯದು, ಸಂಜೆ 5:30ರಿಂದ 7:30. ಬೆಳಿಗ್ಗೆ ಇಟ್ಟರೆ ಕೂಲಿಯವರು ಒಂದು ದಿನದ ಕೂಲಿ ಕಳೆದುಕೊಂಡು ಬರಬೇಕು. ಸೆಪ್ಟೆಂಬರ್ 8ರ ಆಸುಪಾಸು ಕ್ಯಾಥೊಲಿಕರು ಹರಿಹರದ ಆರೋಗ್ಯಮಾತೆ ಹಬ್ಬದಲ್ಲಿರುತ್ತಾರೆ, ಆ ವಾರದ ಮೂಟೆ ಇಳಿಸುವ ಕೆಲಸಕ್ಕೆ ಉಳಿದವರನ್ನು ನಂಬಿ.

ಚೀಲ ಪಡೆಯಲು ಮನೆಗೊಂದರಂತೆ ಕೊಡುವ ಚೀಟಿಗಳನ್ನು ಚರ್ಚಿನ ದೇಣಿಗೆಗೆ ತಕ್ಕಂತೆ ಹಂಚಿದರೆ ಅದು ಸದಸ್ಯರ ಸಂಘವಾಗಿಬಿಡುತ್ತದೆ. ಮೂವತ್ತರಲ್ಲಿ ಹದಿನೈದು ಚೀಟಿ ಚರ್ಚುಗಳಿಗೆ ಸಮವಾಗಿ, ಹದಿನೈದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹೇಳಿದ ಮನೆಗಳಿಗೆ. ಪುಸ್ತಕದಲ್ಲಿ ಚೀಟಿ ನಂಬರು, ಮನೆಯ ಜನ, ಕಾರ್ಡಿನ ಬಗೆ, ಕೊಟ್ಟ ಸಾಮಾನು ಇಷ್ಟೇ. ಜಾತಿ, ಧರ್ಮದ ಕಾಲಂ ಬೇಡ, ಆಧಾರ್ ಜೆರಾಕ್ಸ್ ಕೇಳಬೇಡಿ.

ಸಾಲಿನಲ್ಲಿ ಪ್ರಾರ್ಥನೆ ಇಲ್ಲ, ಚೀಲದಲ್ಲಿ ಕರಪತ್ರ ಇಲ್ಲ, ಚೀಲದ ಮೇಲೆ ಚರ್ಚಿನ ಹೆಸರಿಲ್ಲ, ಫೋಟೋ ಇಲ್ಲ. ಇದನ್ನು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಮತಾಂತರದ ಆರೋಪ ಬಂದ ದಿನ ಆ ಬೋರ್ಡು ಕೆಲಸಕ್ಕೆ ಬರುತ್ತದೆ, ಆದರೆ ಒಳಗೂ ಹಾಗೆಯೇ ನಡೆದಿದ್ದರೆ ಮಾತ್ರ. ಸಮಿತಿಯಲ್ಲಿ ಅತಿ ಹೆಚ್ಚು ಜಗಳ ಆಗುವುದು ಇದೇ ನಿಯಮದ ಮೇಲೆ. ಒಪ್ಪದ ಸಭೆಯನ್ನು ಆರಂಭದಲ್ಲೇ ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.

ಬಾರದವರ ಚೀಲವನ್ನು ಭಾನುವಾರದವರೆಗೆ ಇಡಿ, ಆಮೇಲೆ ಯಾರಾದರೂ ಮನೆಗೆ ಹೋಗಿ ನೋಡಿ ಬರಲಿ. ಎಷ್ಟೋ ಸಲ ಅವರು ಜ್ವರದಲ್ಲಿ ಮಲಗಿರುತ್ತಾರೆ. ಎರಡು ತಿಂಗಳು ಸತತ ಬಾರದೆ, ಮನೆಯೂ ಬೀಗ ಹಾಕಿದ್ದರೆ ಆ ಚೀಟಿ ಅಂಗನವಾಡಿ ಕಾರ್ಯಕರ್ತೆಯ ಪಟ್ಟಿಯಲ್ಲಿ ಕಾಯುತ್ತಿರುವ ಮುಂದಿನ ಮನೆಗೆ.