ಕರೆಂಟಿನ ತಂತಿಯಲ್ಲೇ ಮೀಟರಿನ ಲೆಕ್ಕ: ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಮೀಟರ್ ಗೇಟಿನ ಪಕ್ಕದ ಕಂಬದಲ್ಲಿ, ತಗಡಿನ ಪೆಟ್ಟಿಗೆಯೊಳಗಿದೆ. ಅಲ್ಲಿಗೆ ವೈಫೈ ತಲುಪುವುದಿಲ್ಲ. ಮೀಟರಿನಿಂದಾಚೆಯ ಮೂರೂ ಫೇಸ್‌ಗಳಿಗೆ ಸಿ.ಟಿ. (ತಂತಿಯ ಸುತ್ತ ಕೂತು ಅದರ ಕರೆಂಟನ್ನು ಅಳೆಯುವ ಸುರುಳಿ) ಹಾಕಿ, ಅಳತೆಯನ್ನು ಅದೇ ಕರೆಂಟಿನ ವೈರಿಂಗ್ ಮೂಲಕ ಸಿಗ್ನಲ್ಲಾಗಿ ಒಳಗೆ ತರುತ್ತೇನೆಂದಾಗ ಎಲೆಕ್ಟ್ರಿಷಿಯನ್ನರು, "ಆಗದ ಕೆಲಸ ಸಾರ್, ಒಂದು ಕೇಬಲ್ ಎಳೆದುಬಿಡೋಣ" ಎಂದರು. ಆ ಆಗದ ಕೆಲಸವೇ ಈಗ ಸುಮಾರು ಹದಿನಾಲ್ಕು ತಿಂಗಳಿಂದ ನಡೆಯುತ್ತಿದೆ.

ಮೊದಲ ಮೂರು ತಿಂಗಳು ಮತ್ತು ಆರೇಳು ಸಾವಿರ ರೂಪಾಯಿ ನೀರಿನಲ್ಲಿ ಹೋಮವಾದವು. ಸಿಗ್ನಲ್ ಕಳುಹಿಸುವ ಮಾಡ್ಯೂಲ್ ಆರ್ ಫೇಸ್‌ನಲ್ಲಿ, ಹಾಲ್‌ನ ರಿಸೀವರ್ ವೈ ಫೇಸ್‌ನಲ್ಲಿ (ಮೂರು ಫೇಸ್‌ಗಳ ಹೆಸರು ಆರ್, ವೈ, ಬಿ) ಇದ್ದುದರಿಂದ ಎರಡೂ ಫೇಸ್‌ಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ. ಮನೆಯ ಕರೆಂಟಿನ 50 ಹರ್ಟ್ಸ್‌ಗೆ ಸುಮಾರು 32 ಸಾವಿರ ಓಮ್ ತಡೆಯಾಗುವ ಅದು ನಮ್ಮ ಸಿಗ್ನಲ್‌ನ 125 ಕಿಲೋಹರ್ಟ್ಸ್‌ಗೆ 13 ಓಮ್ ಮಾತ್ರ, ಅಂದರೆ ಕರೆಂಟನ್ನು ತಡೆದು ಸಿಗ್ನಲ್ಲನ್ನು ದಾಟಿಸುತ್ತದೆ. ಆದರೆ ಫೇಸ್‌ಗಳ ನಡುವೆ 400 ವೋಲ್ಟ್ ಇರುತ್ತದೆಂಬುದನ್ನು ಅವಸರದಲ್ಲಿ ಮರೆತು 275 ವೋಲ್ಟಿನದನ್ನು ಹಾಕಿದ್ದೆ, ಅದು ಒಂದು ರಾತ್ರಿ ಸಿಡಿಯಿತು. ಈಗ 440 ವೋಲ್ಟಿನ ಎಕ್ಸ್1 ದರ್ಜೆಯದು (ಕರೆಂಟಿನ ತಂತಿಗಳ ನಡುವೆ ಹಾಕಲೆಂದೇ ಮಾಡಿದ ಸುರಕ್ಷತಾ ದರ್ಜೆ), ಫ್ಯೂಸ್ ಸಹಿತ, ಇದೆ.

ಆಮೇಲೂ ನೂರು ಪ್ಯಾಕೆಟ್‌ಗಳಲ್ಲಿ (ಒಂದು ಸಲಕ್ಕೆ ಕಳುಹಿಸುವ ಅಳತೆಯ ಕಂತೆ) ನಲವತ್ತಷ್ಟೇ ಬರುತ್ತಿದ್ದವು. ಒಂದು ಸಂಜೆ ಟಿವಿಯ ಪ್ಲಗ್ ಕಿತ್ತ ಕೂಡಲೇ ಪರದೆಯ ಮೇಲೆ ಸಾಲುಗಳು ಒಂದೊಂದಾಗಿ, ತಪ್ಪಿಲ್ಲದೆ ಮೂಡತೊಡಗಿದವು. ತೊಂದರೆಗೆ ಕಾರಣ ದೂರವಲ್ಲ, ಟಿವಿಯ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ನಮ್ಮ ಸಿಗ್ನಲ್ಲನ್ನು ನುಂಗುತ್ತಿತ್ತು. ಟಿವಿ ಮತ್ತು ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬಾಕ್ಸ್‌ಗಳೊಳಗೆ ಚೋಕ್ (ಸಿಗ್ನಲ್ ಆ ಕಡೆ ಹರಿಯದಂತೆ ತಡೆಯುವ ಸುರುಳಿ) ಸೇರಿಸಿದೆ. ಅದರ ಕೋರ್ ಮತ್ತು ಸುತ್ತುಗಳ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲ್‌ಇಡಿ ಬಲ್ಬುಗಳು ತಂತಿಯಲ್ಲಿ ಎಬ್ಬಿಸುವ ವಿದ್ಯುತ್ ಗದ್ದಲ ವೋಲ್ಟೇಜಿನ ತುದಿಯಲ್ಲಿ ಹೆಚ್ಚು, ಝೀರೋ ಕ್ರಾಸಿಂಗ್ (ವೋಲ್ಟೇಜ್ ಸೊನ್ನೆಯನ್ನು ದಾಟುವ ಕ್ಷಣ) ಬಳಿ ಕಡಿಮೆ. ಹಾಗಾಗಿ ಪ್ರತಿ ಕ್ರಾಸಿಂಗ್‌ಗೆ ಒಂದು ಬಿಟ್, ಸೆಕೆಂಡಿಗೆ ನೂರು ಬಿಟ್ ಮಾತ್ರ ಕಳುಹಿಸುತ್ತೇನೆ. ವೈ ಫೇಸ್‌ನ ಕ್ರಾಸಿಂಗ್ 3.33 ಮಿಲಿಸೆಕೆಂಡ್ ಆಚೀಚೆ ಬೀಳುತ್ತದೆ, ರಿಸೀವರ್ ಅದನ್ನು ಸರಿದೂಗಿಸಿಕೊಳ್ಳಬೇಕು. ಹನ್ನೆರಡು ಬೈಟ್‌ಗಳಿಗೆ ಒಂದು ಸೆಕೆಂಡ್, ಹತ್ತು ಸೆಕೆಂಡಿಗೊಮ್ಮೆ ಕಳುಹಿಸಿದರೆ ಧಾರಾಳವಾಯಿತು. ಈಗ ನೂರಕ್ಕೆ ತೊಂಬತ್ತೇಳು ಬರುತ್ತವೆ. ಮಿಕ್ಸಿ ತಿರುಗುವಾಗ ಮಾತ್ರ ಒಂದೂ ಬರುವುದಿಲ್ಲ. ಅದಕ್ಕೂ ಚೋಕ್ ಹಾಕಿ ನೋಡಿದೆ, ಫಲಿಸಲಿಲ್ಲ. ಅದು ನಿಂತ ಮೇಲೆ ಯೂನಿಟ್‌ಗಳ ಒಟ್ಟು ಮೊತ್ತ ಹೇಗೂ ಸಿಗುತ್ತದೆ.

ಹೀಗೆ ಎಲ್ಲ ಸರಿಹೋದ ಮೊದಲ ವಾರದಲ್ಲೇ ಫಲ ಕಂಡಿತು. ಎಲ್ಲರೂ ಮಲಗಿದ ಮೇಲೂ ಒಟ್ಟು ಬಳಕೆ 140 ವ್ಯಾಟ್‌ಗಿಂತ ಕೆಳಗಿಳಿಯುತ್ತಿರಲಿಲ್ಲ, ಅಂದರೆ ತಿಂಗಳಿಗೆ ನೂರು ಯೂನಿಟ್. ಒಂದೊಂದೇ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಇಳಿಸುತ್ತ ಹೋದಾಗ, ಹಳೆಯ ಬ್ಯಾಟರಿಗೆ ಹಗಲಿರುಳು ಚಾರ್ಜ್ ಸುರಿಯುತ್ತಿದ್ದ ಇನ್ವರ್ಟರ್ ಸಿಕ್ಕಿಬಿದ್ದಿತು. ಬ್ಯಾಟರಿ ಬದಲಿಸಿದ ಮೇಲೆ ಆ ಅಂಕಿ 70ರ ಆಸುಪಾಸಿಗೆ ಇಳಿದಿದೆ.