ಪುಟ್ಟ ದೋಣಿಗೆ ವಿದ್ಯುತ್ ಮೋಟರ್: ಹಲಗೆ ಗಟ್ಟಿ, ವೈರ್ ದಪ್ಪ

ಕೆರೆಯ ನೀರಿನ ಮಾದರಿ ತೆಗೆಯಲು, ಕಸ ಎತ್ತಲು ಬಳಸುವ ಹತ್ತಡಿಯ ಫೈಬರ್ ದೋಣಿಗೆ ಟ್ರೋಲಿಂಗ್ ಮೋಟರ್ (ಕೋಲಿನ ತುದಿಯಲ್ಲಿ ಪ್ರೊಪೆಲ್ಲರ್ ಇರುವ, ಬ್ಯಾಟರಿಯಿಂದ ಓಡುವ ಪುಟ್ಟ ಮೋಟರ್) ಕೂರಿಸಿದರೆ ಹುಟ್ಟು ಹಾಕುವ ಶ್ರಮ ತಪ್ಪುತ್ತದೆ. ಪೆಟ್ರೋಲ್, ಎಣ್ಣೆ ನೀರಿಗೆ ಬೀಳುವ ಭಯವೂ ಇಲ್ಲ. ಕೆರೆಯ ಉಸ್ತುವಾರಿ ನೋಡುವ ಇಲಾಖೆಯ ಅನುಮತಿ ಮೊದಲು ಕೈಗೆ ಬರಲಿ.

ಮೋಟರಿನ ತಳ್ಳುಬಲವನ್ನು ಪೌಂಡ್ ಲೆಕ್ಕದಲ್ಲಿ ಹೇಳುತ್ತಾರೆ. ದೋಣಿ, ಜನ, ಬ್ಯಾಟರಿ ಎಲ್ಲ ಸೇರಿ 100 ಕೆ.ಜಿ.ಗೆ 5 ಪೌಂಡ್ ಕನಿಷ್ಠ. ಆ ಲೆಕ್ಕದಲ್ಲಿ 250 ಕೆ.ಜಿ.ಗೆ 13 ಪೌಂಡ್ ಸಾಕು ಅನ್ನಿಸುತ್ತದೆ. ಆಷಾಢದ ಗಾಳಿಗೆ ಎದುರಾಗಿ ಹೋಗಲು ಅದು ಸಾಲದು. 30ರಿಂದ 40 ಪೌಂಡಿನದನ್ನೇ ಕೊಳ್ಳಿ. ಇವು 12 ವೋಲ್ಟ್‌ನಲ್ಲಿ ಓಡುತ್ತವೆ.

ಮೋಟರಿನ ಕ್ಲಾಂಪ್ ಕಚ್ಚುವುದು ದೋಣಿಯ ಹಿಂಬದಿಯ ಹಲಗೆಯನ್ನು. ತೆಳು ಫೈಬರ್ ಆದರೆ ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. ಒಳಗೂ ಹೊರಗೂ 12 ಎಂಎಂ ಮೆರೈನ್ ಪ್ಲೈವುಡ್ (ಐಎಸ್ 710 ಮುದ್ರೆ ನೋಡಿ) ಇಟ್ಟು, 8 ಎಂಎಂ ಸ್ಟೇನ್‌ಲೆಸ್ ಬೋಲ್ಟ್ ನಾಲ್ಕು, ಅಗಲ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ನಟ್) ಹಾಕಿ. ಕೊರೆದ ತೂತು, ಪ್ಲೈ ಅಂಚು ಎರಡಕ್ಕೂ ಎಪಾಕ್ಸಿ ಬಳಿಯದಿದ್ದರೆ ಒಳಗೆ ನೀರಿಳಿದು ಪದರ ಬಿಡುತ್ತದೆ. ಕ್ಲಾಂಪಿನ ತಿರುಪು ಓಡುವಾಗ ಸಡಿಲವಾಗುತ್ತದೆ, ಆದ್ದರಿಂದ ಮೋಟರಿಗೊಂದು ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ.

ಜನ ಹತ್ತಿ ಕೂತ ಮೇಲೆ ಆಳ ಹೊಂದಿಸಿ. ಪ್ರೊಪೆಲ್ಲರಿನ ರೆಕ್ಕೆಯ ಮೇಲ್ತುದಿ ನೀರಿನಡಿ ಸುಮಾರು 25 ಸೆಂ.ಮೀ. ಇರಬೇಕು. ಮೇಲಿದ್ದರೆ ಗಾಳಿ ಎಳೆದು ಬರೀ ನೊರೆ ಎಬ್ಬಿಸುತ್ತದೆ. ನಮ್ಮ ಕೆರೆಗಳಲ್ಲಿ ಏರಿಯ ಕಡೆ ಆಳ, ನೀರು ಬರುವ ಕಡೆ ಹೂಳು. ಅತ್ತ ಹೋಗುವಾಗ ಮೋಟರಿನ ಕೋಲನ್ನು ಮೇಲೆಳೆದುಕೊಳ್ಳಿ.

ಹೆಚ್ಚು ಜನ ಎಡವುವುದು ವೈರ್‌ನಲ್ಲಿ. 40 ಪೌಂಡ್ ಮೋಟರ್ ಪೂರ್ತಿ ವೇಗದಲ್ಲಿ 40 ಆಂಪಿಯರ್ ಆಸುಪಾಸು ಎಳೆಯುತ್ತದೆ. ತೂಕ ಸರಿದೂಗಲೆಂದು ಬ್ಯಾಟರಿಯನ್ನು ಮುಂದಿಟ್ಟು 3 ಮೀಟರ್ ವೈರ್ ಎಳೆದರೆ ಹೋಗಿಬರಲು 6 ಮೀಟರ್. ಮನೆಗೆ ಹಾಕುವ 2.5 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಅಷ್ಟಕ್ಕೇ 1.6 ವೋಲ್ಟ್ ಕಳೆದುಹೋಗುತ್ತದೆ, ವೈರ್ ಬಿಸಿಯೇರಿ ಹೊದಿಕೆ ಕರಗುತ್ತದೆ. 16 ಸ್ಕ್ವೇರ್ ಎಂಎಂ ಆದರೆ ನಷ್ಟ ಕಾಲು ವೋಲ್ಟ್ ಅಷ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ತಾಮ್ರದ ವೆಲ್ಡಿಂಗ್ ಕೇಬಲ್ ಕೇಳಿ, ಅಲ್ಯೂಮಿನಿಯಂ ಬೇಡ. ವೈರಿನ ತುದಿಗೆ ತವರ ಲೇಪದ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಕಿವಿ) ಒತ್ತಿಸಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಪಾಸಿಟಿವ್ ತುದಿಯಲ್ಲಿ, ಬ್ಯಾಟರಿಯಿಂದ ಗೇಣಿನೊಳಗೆ, 50 ಆಂಪಿಯರ್ ಡಿ.ಸಿ. ಬ್ರೇಕರ್ ಇರಲಿ. ಮನೆಯ ಎಂಸಿಬಿ ಎ.ಸಿ.ಗೆಂದು ಮಾಡಿದ್ದು, ಡಿ.ಸಿ. ಕಿಡಿಯನ್ನು ಅದು ಆರಿಸುತ್ತದೆಂದು ನಂಬುವಂತಿಲ್ಲ.

ಬ್ಯಾಟರಿ 100 ಎಎಚ್ (ಆಂಪಿಯರ್-ಅವರ್) ಸಾಕು. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಎತ್ತರ, ಭಾರ. ದೋಣಿ ವಾಲಿದಾಗ ಆಸಿಡ್ ಚೆಲ್ಲುತ್ತದೆ. ಮುಚ್ಚಿದ ಡೀಪ್ ಸೈಕಲ್ (ಹೆಚ್ಚು ಹೊತ್ತು ಕರೆಂಟ್ ಕೊಡಲೆಂದೇ ಮಾಡಿದ) ಲೆಡ್ ಆಸಿಡ್ ಬ್ಯಾಟರಿ ಅಥವಾ 12 ಕೆ.ಜಿ. ಆಸುಪಾಸಿನ ಲಿಥಿಯಂ ಐರನ್ ಫಾಸ್ಫೇಟ್ ವಾಸಿ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗಿಳಿಸಬೇಡಿ: ಮೋಟರ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ 12.2 ವೋಲ್ಟ್ ತೋರಿದರೆ ದಡಕ್ಕೆ ಬನ್ನಿ. ಬ್ಯಾಟರಿಯ ಪೆಟ್ಟಿಗೆಯನ್ನು ಬೆಲ್ಟ್‌ನಿಂದ ಬಿಗಿಯಿರಿ.

ಲೈಫ್ ಜಾಕೆಟ್ ತೊಟ್ಟು, ಹುಟ್ಟು ಜೊತೆಗಿಟ್ಟುಕೊಂಡೇ ಹೊರಡಿ. ಹತ್ತು ನಿಮಿಷ ಓಡಿಸಿ ಪ್ರತಿ ಲಗ್ ಮುಟ್ಟಿ ನೋಡಿ, ಬಿಸಿಯಾದದ್ದನ್ನು ಮತ್ತೆ ಒತ್ತಿಸಬೇಕು. ವಾಪಸು ಬಂದಾಗ ವೈರ್ ಕಳಚಿ, ಪ್ರೊಪೆಲ್ಲರ್ ಬಿಚ್ಚಿ ಹಿಂದೆ ಸುತ್ತಿದ ಗಾಳದ ದಾರ, ಪ್ಲಾಸ್ಟಿಕ್ ಎಳೆ ತೆಗೆಯಿರಿ. ಆ ದಾರ ಸೀಲನ್ನು ಕೊಯ್ದರೆ ಮೋಟರಿನೊಳಗೇ ನೀರು.